ಡಬ್ಬಿ ಕೈಗೆ ತೆಗೆದುಕೊಳ್ಳುವ ಮುನ್ನ: ವೀರ್ಯದಾನಿ ಆಗಬೇಕೆಂದಿರುವವರಿಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವೀರ್ಯದಾನದ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಹೊತ್ತು ಹಿಡಿಯುತ್ತದೆ? ಎಷ್ಟು ಕೊಡುತ್ತಾರೆ? ಹತ್ತು ನಿಮಿಷದ ಕೆಲಸ, ಕೈಗೊಂದಿಷ್ಟು ದುಡ್ಡು ಎಂಬ ಲೆಕ್ಕ ಮನಸ್ಸಿನಲ್ಲಿ ಇರುತ್ತದೆ. ಆ ಲೆಕ್ಕ ತಪ್ಪು. ಮೊದಲ ಭೇಟಿಯಿಂದ ಕೊನೆಯ ರಕ್ತಪರೀಕ್ಷೆವರೆಗೆ ಏಳೆಂಟು ತಿಂಗಳು ಹಿಡಿಯುವ ಕೆಲಸವಿದು. ದಾನಿಯಿಂದ ಬೇಕಾದದ್ದು ಮುಖ್ಯವಾಗಿ ಎರಡು. ಮನೆತನದ ಕಾಯಿಲೆಗಳ ಬಗ್ಗೆ ಮುಚ್ಚುಮರೆ ಇಲ್ಲದ ಮಾತು ಒಂದು, ಆರು ತಿಂಗಳ ನಂತರ ತಪ್ಪದೆ ವಾಪಸ್ ಬರುವುದು ಇನ್ನೊಂದು. ಇವೆರಡು ಆಗದು ಎನಿಸಿದರೆ ಶುರು ಮಾಡದೇ ಇರುವುದೇ ಒಳ್ಳೆಯದು, ಅದರಲ್ಲಿ ಅವಮಾನವೇನೂ ಇಲ್ಲ.

ಒಂದು ಹಳೆಯ ಭಯವನ್ನು ಮೊದಲೇ ಬಿಡಿಸಿಬಿಡೋಣ. ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಆಗುತ್ತದೆ, ಅದು ಹೋದರೆ ಶಕ್ತಿ ಹೋಯಿತು ಎಂದು ನಮ್ಮಲ್ಲಿ ಈಗಲೂ ನಂಬುವವರಿದ್ದಾರೆ. ಆರೋಗ್ಯವಂತ ಗಂಡಸಿನ ವೃಷಣಗಳಲ್ಲಿ ದಿನವೂ ಕೋಟಿಗಟ್ಟಲೆ ವೀರ್ಯಾಣು ಹುಟ್ಟುತ್ತವೆ. ಕೊಟ್ಟರೆ ಖಾಲಿಯಾಗುವುದಿಲ್ಲ, ಮೈ ಸೊರಗುವುದಿಲ್ಲ, ಮುಂದೆ ನಿಮಗೇ ಮಕ್ಕಳಾಗುವುದಕ್ಕೆ ಅಡ್ಡಿಯೂ ಆಗುವುದಿಲ್ಲ.

ಆದರೆ ಒಂದು ವೀರ್ಯಾಣು ತಯಾರಾಗಿ ಮುಗಿಯಲು ಸುಮಾರು 72 ದಿನ ಬೇಕು. ಇವತ್ತು ಡಬ್ಬಿಯಲ್ಲಿ ಕಾಣುವುದು ಎರಡೂವರೆ ತಿಂಗಳ ಹಿಂದೆ ಶುರುವಾದ ಕೆಲಸದ ಫಲ. ಆದ್ದರಿಂದಲೇ ಡೆಂಗ್ಯೂ ಅಥವಾ ಟೈಫಾಯ್ಡ್ ಜ್ವರ ಬಂದು ಹೋದವರಿಗೆ ಮೂರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾರೆ. ಜಿಮ್‌ಗೆ ಹೋಗುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಮೈಕಟ್ಟಿಗೆಂದು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಅಥವಾ ಸ್ಟೆರಾಯ್ಡ್ ತೆಗೆದುಕೊಂಡರೆ, ಹಾರ್ಮೋನು ಹೊರಗಿನಿಂದಲೇ ಬರುತ್ತಿದೆ ಎಂದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸಂದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ನೋಡಲು ಕಟ್ಟುಮಸ್ತಾದ ಮೈ, ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲ, ಹೀಗಾಗುವುದುಂಟು. ಇಂಜೆಕ್ಷನ್ ಬಿಟ್ಟ ಮೇಲೆ ಸರಿಹೋಗಲು ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಸಿಗರೇಟು, ಗುಟ್ಕಾ, ಅತಿ ಮದ್ಯ, ತೊಡೆಯ ಮೇಲೆ ಗಂಟೆಗಟ್ಟಲೆ ಬಿಸಿಯಾಗುವ ಲ್ಯಾಪ್‌ಟಾಪ್, ಇವೂ ಕೆಡಿಸುತ್ತವೆ.

ಈಗ ಕಾನೂನಿಗೆ ಬರೋಣ. ನಮ್ಮ ದೇಶದಲ್ಲಿ ಇದನ್ನು ಆಳುವುದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, ಚಿಕ್ಕದಾಗಿ ಎಆರ್‌ಟಿ ಕಾಯ್ದೆ. 2022ರ ಜನವರಿಯಲ್ಲಿ ಜಾರಿಗೆ ಬಂತು, ಅದೇ ವರ್ಷ ಜೂನ್‌ನಲ್ಲಿ ನಿಯಮಗಳು ಬಂದವು. ದಾನಿಯ ವಯಸ್ಸು 21ರಿಂದ 55 ಎಂದು ಕಾಯ್ದೆ ಹೇಳುತ್ತದೆ. ದಾನಿಗಳ ವೀರ್ಯ ಸಂಗ್ರಹಿಸಿ ಇಡುವ ಬ್ಯಾಂಕುಗಳು ಎಳೆಯ ವಯಸ್ಸಿನವರನ್ನೇ ಇಷ್ಟಪಡುತ್ತವೆ, ಅದಕ್ಕೆ ಕಾರಣವಿದೆ. ಗಂಡಸಿನ ವಯಸ್ಸು ಏರಿದಂತೆ ವೀರ್ಯಾಣುವಿನ ಡಿಎನ್‌ಎಯಲ್ಲಿ ವರ್ಷಕ್ಕೆ ಸರಾಸರಿ ಒಂದೆರಡು ಹೊಸ ಬದಲಾವಣೆಗಳು ಸೇರುತ್ತಾ ಹೋಗುತ್ತವೆ.

ಕಾಯ್ದೆಯಲ್ಲಿ ದಾನಿಗೆ ಮುಖ್ಯವಾದ ಸಾಲು ಇದು: ಒಬ್ಬ ದಾನಿಯ ವೀರ್ಯವನ್ನು ಬ್ಯಾಂಕು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ನೀವು ಮೂರು ಸಲ ಹೋಗಿ ಕೊಟ್ಟರೂ ಅದನ್ನು ತುಂಬಿಟ್ಟ ಸಣ್ಣ ಸೀಸೆಗಳು, ಅಂದರೆ ವೈಯಲ್‌ಗಳೆಲ್ಲ, ಒಂದೇ ಮನೆಗೆ. ಇದರಿಂದ ದಾನಿಗಳ ಕೊರತೆ ಆಗಿದೆ ಎಂದು ವೈದ್ಯರು ದೂರುತ್ತಾರೆ, ಅದು ನಿಜವೂ ಹೌದು. ಆದರೂ ಈ ಮಿತಿಯ ಅರ್ಥ ನಮ್ಮ ಕಡೆಯವರಿಗೆ ಬೇಗ ತಿಳಿಯಬೇಕು. ಹುಡುಗ ಹುಡುಗಿ ನೋಡುವಾಗ ಅದೇ ಒಳಪಂಗಡ, ಅದೇ ನಾಲ್ಕು ತಾಲ್ಲೂಕು ಸುತ್ತುವ ಸಮಾಜ ನಮ್ಮದು. ಒಬ್ಬನೇ ದಾನಿಯಿಂದ ಹುಟ್ಟಿದ ಇಪ್ಪತ್ತು ಮಕ್ಕಳು ಒಂದೇ ಊರಿನ ಸುತ್ತ ಬೆಳೆದರೆ, ಗೊತ್ತಿಲ್ಲದೆ ಅಣ್ಣತಂಗಿಯರ ನಡುವೆಯೇ ಸಂಬಂಧ ಕುದುರುವ ಅಪಾಯ ಕಲ್ಪನೆಯಲ್ಲ. ಹಾಗಾಗಿ ಒಂದು ಬ್ಯಾಂಕಿನಲ್ಲಿ ಕೊಟ್ಟು ಅದನ್ನು ಮುಚ್ಚಿಟ್ಟು ಇನ್ನೊಂದರಲ್ಲಿ ಕೊಡುವುದು ಕಾನೂನಿನ ಕಣ್ಣಿಗೆ ಮಾತ್ರವಲ್ಲ, ಆ ಮಕ್ಕಳಿಗೂ ಮಾಡುವ ದ್ರೋಹ. ನಿಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆಯನ್ನು ಬ್ಯಾಂಕು ಪಡೆಯಲೇಬೇಕೆಂದು ಕಾಯ್ದೆ ವಿಧಿಸಿರುವುದು ಸುಮ್ಮನೆ ಅಲ್ಲ.

ಮಗುವಿನ ಮೇಲೆ ದಾನಿಗೆ ಹಕ್ಕಿಲ್ಲ. ಹುಟ್ಟುವ ಮಗು ಎಲ್ಲ ರೀತಿಯಲ್ಲೂ ಆ ದಂಪತಿಯ ಸ್ವಂತ ಮಗು, ಆಸ್ತಿ ಹಕ್ಕೂ ಅವರಿಂದಲೇ. ದಾನಿ ಪಾಲಕತ್ವದ ಹಕ್ಕನ್ನು ಪೂರ್ತಿ ಬಿಟ್ಟುಕೊಡುತ್ತಾನೆ. ಅಂಡಾಣು ಕೊಟ್ಟ ಸಂಬಂಧಿಕಳೊಬ್ಬಳ ಪ್ರಕರಣದಲ್ಲಿ 2024ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಸ್ಪಷ್ಟವಾಗಿ ಹೇಳಿತು: ವೀರ್ಯ ಅಥವಾ ಅಂಡಾಣು ಕೊಟ್ಟವರು ತಾವೇ ತಂದೆತಾಯಿ ಎಂದು ಹಕ್ಕು ಸಾಧಿಸಲು ಬರುವುದಿಲ್ಲ. ನಾಳೆ ಯಾರೋ ಬಂದು ಆಸ್ತಿ ಕೇಳಿದರೆ ಎಂದು ಹೆದರುವವರು ನಿಶ್ಚಿಂತೆಯಿಂದ ಇರಬಹುದು. ಆದರೆ ಈ ರಕ್ಷಣೆಯೆಲ್ಲ ಕಾಯ್ದೆಯ ದಾರಿಯಲ್ಲಿ, ನೋಂದಾಯಿತ ಬ್ಯಾಂಕಿನ ಮೂಲಕ ಹೋದವರಿಗೆ. ಸ್ನೇಹಿತನ ಹೆಂಡತಿಗೆ ಸಹಾಯ ಆಗಲಿ ಎಂದು ಮನೆಯಲ್ಲೇ ಸಿರಿಂಜಿನಲ್ಲಿ ಮಾಡಿಕೊಳ್ಳುವ ಏರ್ಪಾಡಿಗೆ ಈ ಕಾಯ್ದೆಯ ಆಸರೆ ಇಲ್ಲ, ಸೋಂಕಿನ ಪರೀಕ್ಷೆಯೂ ಇಲ್ಲ. ದಂಪತಿಯ ನೆಂಟ ಅಥವಾ ಪರಿಚಿತ ಗೆಳೆಯನ ವೀರ್ಯ ಬಳಸಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿಯೇ ಹೇಳಿತ್ತು.

ದುಡ್ಡಿನ ಮಾತು. ವೀರ್ಯವನ್ನು ಬೆಲೆಗೆ ಮಾರುವುದು, ದಾನಿಗಳನ್ನು ತರಲು ದಲ್ಲಾಳಿಗಳನ್ನು ಬಿಡುವುದು, ಎರಡೂ ಅಪರಾಧ. ಮೊದಲ ಸಲಕ್ಕೆ 5ರಿಂದ 10 ಲಕ್ಷ ರೂಪಾಯಿ ದಂಡ, ಮತ್ತೆ ಮಾಡಿದರೆ 3ರಿಂದ 8 ವರ್ಷ ಜೈಲು. ಓಡಾಟಕ್ಕೆ, ಕಳೆದ ಸಮಯಕ್ಕೆ ಎಂದು ಬ್ಯಾಂಕು ಏನಾದರೂ ಕೊಟ್ಟರೆ ಅದನ್ನು ಬಸ್ಸು, ಆಟೋ ಖರ್ಚು ಎಂದು ತಿಳಿಯಿರಿ, ಸಂಪಾದನೆ ಎಂದಲ್ಲ. ಮೊಬೈಲಿನಲ್ಲಿ ಬರುವ ‘ವೀರ್ಯದಾನಿ ಬೇಕಾಗಿದ್ದಾರೆ, ಲಕ್ಷಗಟ್ಟಲೆ ಆದಾಯ’ ಎಂಬ ಜಾಹೀರಾತಂತೂ ಶುದ್ಧ ಮೋಸ. ಹೆಂಗಸರನ್ನು ಗರ್ಭಿಣಿ ಮಾಡಿದರೆ ಲಕ್ಷಾಂತರ ರೂಪಾಯಿ ಎಂದು ನಂಬಿಸಿ, ನೋಂದಣಿ ಶುಲ್ಕ, ಠೇವಣಿ ಎಂದು ದೋಚುತ್ತಿದ್ದ ಗುಂಪೊಂದು 2023ರ ಕೊನೆಯಲ್ಲಿ ಬಿಹಾರದ ನವಾದಾ ಜಿಲ್ಲೆಯಲ್ಲಿ ಸಿಕ್ಕಿಬಿತ್ತು. ಗುರುತು ಹಿಡಿಯುವುದು ಸುಲಭ: ನಿಜವಾದ ಬ್ಯಾಂಕು ದಾನಿಯಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ, ಪರೀಕ್ಷೆಗಳ ಖರ್ಚೂ ಅದರದ್ದೇ. ಒಳಗೆ ಹೋದ ಕೂಡಲೇ ಗೋಡೆ ನೋಡಿ. ಎಆರ್‌ಟಿ ಬ್ಯಾಂಕ್ ಎಂದು ಬರೆದ ನೋಂದಣಿ ಪತ್ರ ಎದ್ದು ಕಾಣುವ ಹಾಗೆ ಹಾಕಿರಬೇಕು. ಅದು 5 ವರ್ಷಕ್ಕೆ ಮಾತ್ರ ಸಿಂಧು, ಕೊನೆಯ ದಿನಾಂಕ ಓದಿ. ಐವಿಎಫ್ ಆಸ್ಪತ್ರೆಯ ನೋಂದಣಿ ಬೇರೆ, ಬ್ಯಾಂಕಿನದು ಬೇರೆ. ದಾನಿಯನ್ನು ಪರೀಕ್ಷಿಸಿ ವೀರ್ಯ ಸಂಗ್ರಹಿಸುವುದು ಪ್ರತ್ಯೇಕವಾಗಿ ನೋಂದಾಯಿಸಿದ ಬ್ಯಾಂಕಿನ ಕೆಲಸ.

ಇನ್ನು ಹೆಚ್ಚು ಹೊತ್ತು ಮಾತಾಡಬೇಕಾದ ವಿಷಯ, ಮನೆತನದ ಆರೋಗ್ಯ. ಬ್ಯಾಂಕಿನ ಫಾರಂನಲ್ಲಿ ಎತ್ತರ, ತೂಕ, ಮೈಬಣ್ಣ, ಕಣ್ಣಿನ ಬಣ್ಣ, ಓದು, ಉದ್ಯೋಗ ಎಲ್ಲ ಇರುತ್ತದೆ. ಅದನ್ನು ತುಂಬಲು ಐದು ನಿಮಿಷ ಸಾಕು. ಕುಟುಂಬದಲ್ಲಿ ಯಾರಿಗಾದರೂ ಆನುವಂಶಿಕ ಕಾಯಿಲೆ ಇದೆಯೇ ಎಂಬ ಸಾಲಿಗೆ ಬಂದಾಗ ಹೆಚ್ಚಿನವರು ಯೋಚಿಸದೆ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಗೊತ್ತಿರುವುದು ಅಜ್ಜಿಗೆ.

ಬ್ಯಾಂಕಿಗೆ ಹೋಗುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಅಜ್ಜಿಯ ಹತ್ತಿರವೋ, ಹಿರಿಯ ಸೋದರತ್ತೆಯ ಹತ್ತಿರವೋ ಕುಳಿತು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ‘ಆನುವಂಶಿಕ ಕಾಯಿಲೆ ಇದೆಯಾ’ ಎಂದು ಕೇಳಿದರೆ ಅವರೂ ಇಲ್ಲ ಎನ್ನುತ್ತಾರೆ. ಹಾಗೆ ಕೇಳಬೇಡಿ. ‘ಅಜ್ಜಿ, ನಿಮಗೆ ಒಟ್ಟು ಎಷ್ಟು ಮಕ್ಕಳು ಹುಟ್ಟಿದ್ದು? ಚಿಕ್ಕದರಲ್ಲೇ ಹೋದದ್ದು ಯಾರು, ಹೇಗೆ ಹೋಯಿತು?’ ಎಂದು ಕೇಳಿ. ಹುಟ್ಟಿನಿಂದ ಕಿವಿ ಕೇಳದವರು, ಮಾತು ಬಾರದವರು ಇದ್ದರಾ? ಸಂಜೆಯಾದರೆ ಕಣ್ಣು ಕಾಣದೆ ತಡವರಿಸುತ್ತಿದ್ದವರು? ನಲವತ್ತರೊಳಗೆ ಎದೆ ಹಿಡಿದುಕೊಂಡು ಹೋದವರು? ಗಾಯವಾದರೆ ರಕ್ತ ನಿಲ್ಲದವರು? ಫಿಟ್ಸ್ ಬರುತ್ತಿದ್ದವರು, ಬುದ್ಧಿ ಬೆಳೆಯದವರು, ಮನೆಯವರು ‘ಗಾಳಿ ಸೋಕಿದೆ’ ಎಂದು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದವರು? ಕೊನೆಯದಾಗಿ, ಯಾರು ಯಾರು ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗಿದ್ದಾರೆ? ಹತ್ತಿರದ ಸಂಬಂಧದ ಮದುವೆ ನಮ್ಮಲ್ಲಿ ಸಾಮಾನ್ಯ. ಅದನ್ನು ಹೇಳಿಕೊಳ್ಳಲು ನಾಚಿಕೆ ಬೇಡ, ಆದರೆ ಚೌಕ ಸೊನ್ನೆಗಳ ನಡುವೆ ಜೋಡಿಗೆರೆ ಎಳೆದು ತೋರಿಸಬೇಕು. ಬ್ಯಾಂಕಿನ ವೈದ್ಯರಿಗೆ ಆ ಒಂದು ಹಾಳೆ ಹತ್ತು ರಕ್ತಪರೀಕ್ಷೆಗೆ ಸಮ.

ಒಂದೊಂದು ಕಾಯಿಲೆ ಹೋಗುವ ದಾರಿ ಒಂದೊಂದು ಥರ. ಗಾಯವಾದರೆ ರಕ್ತ ಬೇಗ ನಿಲ್ಲದ ಹಿಮೋಫಿಲಿಯಾ ಎಕ್ಸ್ ಕ್ರೋಮೋಸೋಮಿನಲ್ಲಿ ಸಾಗುವಂಥದ್ದು. ನಿಮ್ಮ ಸೋದರಮಾವನಿಗೆ ಅದು ಇದ್ದು ನಿಮಗೆ ಇಲ್ಲದಿದ್ದರೆ ನಿಮ್ಮ ವೀರ್ಯದಲ್ಲಿ ಅದು ಹೋಗುವುದಿಲ್ಲ, ಏಕೆಂದರೆ ಗಂಡಸಿಗೆ ಎಕ್ಸ್ ಇರುವುದು ಒಂದೇ. ದೋಷ ಇದ್ದಿದ್ದರೆ ಕಾಯಿಲೆಯೂ ಇರುತ್ತಿತ್ತು. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರಕ್ತದ ಕಾಯಿಲೆ ಥಲಸ್ಸೀಮಿಯಾ ಹಾಗಲ್ಲ. ದೋಷದ ಒಂದೇ ಪ್ರತಿ ಹೊತ್ತ ವಾಹಕನಿಗೆ ಸ್ವಲ್ಪ ರಕ್ತಹೀನತೆ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಮಗುವಿನ ತಾಯಿಯೂ ವಾಹಕಳಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎ2 ಅಂಶ ಶೇ. 3.5ಕ್ಕಿಂತ ಹೆಚ್ಚಿದ್ದರೆ ಅನುಮಾನ ಪಡಬೇಕು. ಅದೇ ಪರೀಕ್ಷೆಯಲ್ಲಿ ಕುಡಗೋಲು ಕಣ (ಸಿಕಲ್ ಸೆಲ್) ರೋಗದ ವಾಹಕರೂ ತಿಳಿಯುತ್ತಾರೆ. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಇದು ಮುಖ್ಯ. ಇನ್ನು ಪ್ರಬಲ ವಂಶವಾಹಿಯವು, ಅಂದರೆ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು, ಕಾಯಿಲೆ ತರುವವು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ ಗುರುತಾದ ಕೀಲು ಮೂಳೆಯ ಕಾಯಿಲೆ ಇಂಥದ್ದು. ತಂದೆಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಮಿದುಳನ್ನು ಮೆಲ್ಲಗೆ ಕೆಡಿಸುವ ಹಂಟಿಂಗ್ಟನ್ ಕಾಯಿಲೆಯೂ ಹೀಗೆಯೇ, ಜೊತೆಗೆ ಅದು ತಲೆಯೆತ್ತುವುದು ಸಾಮಾನ್ಯವಾಗಿ ಮೂವತ್ತು ದಾಟಿದ ಮೇಲೆ. ಇಪ್ಪತ್ಮೂರರ ದಾನಿಯನ್ನು ನೋಡಿದರೆ ಏನೂ ತಿಳಿಯದು, ಅವನ ಅಪ್ಪನ ವಿಷಯ ಕೇಳಿದರಷ್ಟೇ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ತಪ್ಪಿಸಿಕೊಳ್ಳುವಂಥದ್ದು ಇದೆ. ಯುರೋಪಿನ ಒಬ್ಬ ದಾನಿಯ ವಿಷಯ 2025ರಲ್ಲಿ ದೊಡ್ಡದಾಗಿ ಬೆಳಕಿಗೆ ಬಂತು. ಅವನು ಆರೋಗ್ಯವಂತ, ಪರೀಕ್ಷೆಗಳೆಲ್ಲ ಸರಿಯಿದ್ದವು. ಆದರೆ ಅವನ ವೀರ್ಯಾಣುಗಳಲ್ಲಿ ಕೆಲವದರಲ್ಲಿ ಮಾತ್ರ, ಕ್ಯಾನ್ಸರ್ ತಡೆಯುವ ಟಿಪಿ53 ಎಂಬ ವಂಶವಾಹಿ ಕೆಟ್ಟಿತ್ತು. ಆ ವರ್ಷ ಮೇ ತಿಂಗಳ ಹೊತ್ತಿಗೆ ಪತ್ತೆಯಾದ 67 ಮಕ್ಕಳಲ್ಲಿ 10 ಮಕ್ಕಳಿಗೆ ಕ್ಯಾನ್ಸರ್ ಬಂದಿತ್ತು. ಅಲ್ಲಿ ಅವನ ತಪ್ಪೇನೂ ಇರಲಿಲ್ಲ. ಒಬ್ಬನದ್ದೇ ಅಷ್ಟು ಮನೆಗಳಿಗೆ ಹಂಚಿದ್ದರಿಂದ ಅನಾಹುತ ಅಷ್ಟು ದೊಡ್ಡದಾಯಿತು.

ಇನ್ನು ಮಾದರಿ ಕೊಡುವ ದಿನ. ಅದಕ್ಕೆ ಹಿಂದಿನ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಹೆಚ್ಚಿನ ಬ್ಯಾಂಕುಗಳು ಮೂರ್ನಾಲ್ಕು ದಿನ ಹೇಳುತ್ತವೆ. ಹದಿನೈದು ದಿನ ತಡೆದರೆ ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ, ಹಳೆಯ, ಚಲನೆ ಕಳೆದುಕೊಂಡ ವೀರ್ಯಾಣುಗಳೇ ಹೆಚ್ಚುತ್ತವೆ. ಬ್ಯಾಂಕಿನ ಕೋಣೆಯಲ್ಲೇ ಕೊಡಬೇಕು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ಮೇಲೆ ನಿಮ್ಮ ಕೋಡ್ ಬರೆದಿದೆಯೇ ಎಂದು ಮೊದಲು ನೋಡಿ. ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಇರಬೇಕು, ಮುಚ್ಚಳ ಅದಲುಬದಲಾಗಬಹುದು. ಮೂತ್ರ ಮಾಡಿ ಬನ್ನಿ. ಕೈ ಮತ್ತು ಶಿಶ್ನವನ್ನು ತೊಳೆದು ಸೋಪಿನ ಅಂಶ ಪೂರ್ತಿ ಹೋಗುವಂತೆ ನೀರು ಹಾಕಿ, ಚೆನ್ನಾಗಿ ಒರೆಸಿಕೊಳ್ಳಿ. ಎಣ್ಣೆ, ಕ್ರೀಮು, ಎಂಜಲು ಯಾವುದೂ ತಾಗಬಾರದು, ಇವೆಲ್ಲ ವೀರ್ಯಾಣುವನ್ನು ಕೊಲ್ಲುತ್ತವೆ ಅಥವಾ ನಿಲ್ಲಿಸುತ್ತವೆ. ಸಾಮಾನ್ಯ ಕಾಂಡೋಮ್ ಬಳಸುವಂತಿಲ್ಲ. ಹಸ್ತಮೈಥುನದಿಂದ ಬಂದದ್ದು ಪೂರ್ತಿ ಡಬ್ಬಿಗೆ ಬೀಳಬೇಕು. ವೀರ್ಯಾಣು ದಟ್ಟವಾಗಿರುವುದು ಮೊದಲ ಚಿಮ್ಮಿನಲ್ಲೇ. ಅದು ಹೊರಗೆ ಬಿದ್ದರೆ ಮುಚ್ಚಿಡದೆ ಹೇಳಿಬಿಡಿ. ಹೇಳದಿದ್ದರೆ ವರದಿಯಲ್ಲಿ ಸಂಖ್ಯೆ ಇಳಿದು, ಇಲ್ಲದ ದೋಷ ನಿಮ್ಮ ಮೇಲೆ ಬರುತ್ತದೆ. ಹೊಸ ಜಾಗದ ಗಾಬರಿಯಲ್ಲಿ ಆಗದೇ ಹೋಗುವುದೂ ಉಂಟು, ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೋಗಬಹುದು.

ಅರ್ಧ ಗಂಟೆಯೊಳಗೆ ಗಟ್ಟಿ ದ್ರವ ಕರಗಿ ನೀರಾಗುತ್ತದೆ, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಹೀಗಿದೆ: ಪ್ರಮಾಣ 1.4 ಮಿಲಿ, ಅಂದರೆ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು. ಪ್ರತಿ ಮಿಲಿಗೆ 1.6 ಕೋಟಿ ವೀರ್ಯಾಣು, ಚಲಿಸುವವು ಶೇ. 42; ಸರಿಯಾದ ಆಕಾರದವು ಶೇ. 4. ನೂರರಲ್ಲಿ ನಾಲ್ಕೇ ಎಂದು ಗಾಬರಿಯಾಗಬೇಡಿ, ಮನುಷ್ಯರಲ್ಲಿ ಅಷ್ಟೇ.

ಆದರೆ ಈ ಅಂಕಿಗಳನ್ನು ದಾಟಿದರೂ ಬ್ಯಾಂಕು ಬೇಡ ಎನ್ನಬಹುದು. ಕಾರಣ ಘನೀಕರಣ. ಹೈನುಗಾರಿಕೆ ಮಾಡುವವರು ಪಶು ಆಸ್ಪತ್ರೆಯಲ್ಲಿ ಹೊಗೆಯಾಡುವ ದ್ರವ ಸಾರಜನಕದ ಕ್ಯಾನು, ಅದರೊಳಗಿನ ಸಣ್ಣ ಕಡ್ಡಿಗಳನ್ನು ನೋಡಿರುತ್ತೀರಿ. ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಹೀಗೆ ತಯಾರಿಸುವ ಕೇಂದ್ರವೇ ಇದೆ. ಇಲ್ಲೂ ತತ್ವ ಅದೇ, ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ವೀರ್ಯಾಣುವಿನ ಒಳಗಿನ ನೀರು ಹರಳುಗಟ್ಟಿ ಪೊರೆ ಹರಿಯದಿರಲಿ ಎಂದು ಗ್ಲಿಸರಾಲ್ ಇರುವ ದ್ರಾವಣ ಬೆರೆಸುತ್ತಾರೆ. ಆದರೂ ಕರಗಿಸಿದಾಗ ಸುಮಾರು ಅರ್ಧದಷ್ಟು ಚಲನೆ ಕಳೆದುಕೊಂಡಿರುತ್ತವೆ. ಆದ್ದರಿಂದ ಮಾಮೂಲಿಗಿಂತ ಎರಡು ಮೂರು ಪಟ್ಟು ಹೆಚ್ಚು ಇರುವವರನ್ನೇ ಬ್ಯಾಂಕುಗಳು ಹುಡುಕುತ್ತವೆ, ಒಂದು ವೈಯಲ್ ಕರಗಿಸಿ ಪರೀಕ್ಷೆಯನ್ನೂ ಮಾಡುತ್ತವೆ. ಡೆನ್ಮಾರ್ಕ್ ಮತ್ತು ಅಮೆರಿಕದಲ್ಲಿ ಅರ್ಜಿ ಹಾಕಿದ 11,712 ಗಂಡಸರ ಲೆಕ್ಕ ಪ್ರಕಟವಾಗಿದೆ. ಕೊನೆಗೆ ಬಳಕೆಗೆ ಹೋದದ್ದು ಶೇ. 3.79 ಮಂದಿಯ ವೀರ್ಯ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ನಡುವೆ ತಾವೇ ಬಿಟ್ಟುಹೋದವರು. ಹಾಗಾಗಿ ಬ್ಯಾಂಕು ಬೇಡ ಎಂದರೆ ನಿಮಗೆ ಮಕ್ಕಳಾಗುವುದಿಲ್ಲ ಎಂದರ್ಥವಲ್ಲ. ಆದರೆ ವರದಿಯ ಪ್ರತಿ ಕೇಳಿ ಪಡೆಯಿರಿ. ವೀರ್ಯಾಣು ತೀರಾ ಕಡಿಮೆ ಇದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಯೂರಾಲಜಿ ವೈದ್ಯರನ್ನು ನೋಡಿ. ವೃಷಣದ ಮೇಲಿನ ರಕ್ತನಾಳ ಉಬ್ಬುವ ವೆರಿಕೋಸೀಲ್‌ನಂಥವು ಎಷ್ಟೋ ಸಲ ಹೀಗೆಯೇ ಪತ್ತೆಯಾಗುತ್ತವೆ, ಚಿಕಿತ್ಸೆಯೂ ಇದೆ.

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಈ ನಾಲ್ಕರ ರಕ್ತಪರೀಕ್ಷೆ ಕಡ್ಡಾಯ. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣಿಸದೇ ಇರಬಹುದು. ಇವತ್ತಿನ ವರದಿ ‘ನೆಗೆಟಿವ್’ ಎಂದರೂ ಇವತ್ತಿನ ವೀರ್ಯ ಸುರಕ್ಷಿತ ಎಂದು ಹೇಳಲಾಗದು. ಅದಕ್ಕೇ ವೈಯಲ್‌ಗಳನ್ನು ಆರು ತಿಂಗಳು ಬೇರೆಯಾಗಿ ಇಟ್ಟು, ದಾನಿಯನ್ನು ಮತ್ತೆ ಕರೆದು ಪರೀಕ್ಷಿಸುವ ಪದ್ಧತಿ. ಎರಡನೆಯ ವರದಿಯೂ ಸರಿಯಿದ್ದರಷ್ಟೇ ಆ ವೀರ್ಯ ಆಚೆ ಹೋಗುತ್ತದೆ. ಎಲ್ಲ ಸರಿಯಾಗಿ ಮಾಡಿದ ದಾನಿಗಳೂ ಎಡವುವುದು ಇಲ್ಲಿಯೇ. ಕೆಲಸ ಬದಲಾಗಿ ಬೇರೆ ಊರಿಗೆ ಹೋಗಿರುತ್ತಾರೆ, ನಂಬರ್ ಬದಲಾಗಿರುತ್ತದೆ, ಮದುವೆ ಗೊತ್ತಾಗಿರುತ್ತದೆ. ಅವರು ಬಾರದೆ ವೈಯಲ್‌ಗಳು ಚೆಲ್ಲಿಹೋಗುತ್ತವೆ. ಒಂದು ರಕ್ತದ ಮಾದರಿ ಕೊಡಲು ಬಾರದ್ದಕ್ಕೆ ಯಾವುದೋ ದಂಪತಿ ಮತ್ತೆ ಮೊದಲಿನಿಂದ ಕಾಯಬೇಕು. ಆರು ತಿಂಗಳ ನಂತರದ ದಿನಾಂಕವನ್ನು ಮೊದಲ ದಿನವೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಆ ಅವಧಿಯಲ್ಲಿ ಹೊಸ ಲೈಂಗಿಕ ಸಂಬಂಧ ಆಗಿದ್ದರೆ, ಹಚ್ಚೆ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ.

ಗುಟ್ಟಿನ ವಿಷಯ. ನಮ್ಮ ಕಾಯ್ದೆಯಲ್ಲಿ ದಾನಿಯ ವಿವರ ಗೋಪ್ಯ. ರಾಷ್ಟ್ರೀಯ ನೋಂದಣಿ ದಾಖಲೆ, ವೈದ್ಯಕೀಯ ತುರ್ತು, ನ್ಯಾಯಾಲಯದ ಆದೇಶ, ಇಂಥ ಸಂದರ್ಭ ಬಿಟ್ಟು ಹೊರಬರುವುದಿಲ್ಲ. ಬ್ರಿಟನ್ನಿನಲ್ಲಿ ಹಾಗಿಲ್ಲ. ಅಲ್ಲಿ 2005ರ ಏಪ್ರಿಲ್ 1ರ ನಂತರದ ದಾನಿಗಳ ಗುರುತನ್ನು ಮಗು 18 ತುಂಬಿದ ಮೇಲೆ ಕೇಳಿ ಪಡೆಯಬಹುದು. ಒಬ್ಬ ದಾನಿಗೆ 10 ಕುಟುಂಬದ ಮಿತಿ, ಒಂದು ಭೇಟಿಗೆ 45 ಪೌಂಡ್ ಪರಿಹಾರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2017ರಿಂದ ಹಳೆಯ ದಾನಿಗಳ ಗುರುತನ್ನೂ ತೆರೆದಿದೆ, ಅವರಿಗೆ ಕೊಡುವಾಗ ಗೋಪ್ಯತೆಯ ಮಾತು ಕೊಟ್ಟಿದ್ದರೂ. ಅಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿಯ ಕಾನೂನನ್ನೇ ಓದಬೇಕು. ಇಲ್ಲಿ ಕೊಡುವವರೂ ಇದು ಎಂದೆಂದಿಗೂ ಮುಚ್ಚಿರುತ್ತದೆ ಎಂದು ನಂಬಿ ಕೊಡಬೇಡಿ. ಮನೆಯಲ್ಲೇ ಎಂಜಲು ಕೊಟ್ಟು ಮಾಡಿಸುವ ಡಿಎನ್‌ಎ ಪರೀಕ್ಷೆಯಲ್ಲಿ ನಿಮ್ಮ ಹೆಸರೇ ಇರಬೇಕಿಲ್ಲ, ಅಮೆರಿಕದಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಮಾಡಿಸಿದ್ದರೂ ಸಾಕು, ಎಳೆ ಹಿಡಿದು ನಿಮ್ಮ ಮನೆ ತಲುಪಬಹುದು. ಮದುವೆಯಾಗಿದ್ದರೆ ಹೆಂಡತಿಗೆ ಹೇಳದೆ ಇದನ್ನು ಮಾಡಬೇಡಿ. ಅವಳು ಇಪ್ಪತ್ತು ವರ್ಷದ ನಂತರ ಬೇರೆಯವರ ಬಾಯಿಂದ ಕೇಳುವಂತಾದರೆ ಅಷ್ಟು ವರ್ಷದ ನಂಬಿಕೆ ಹೋಗುತ್ತದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ನಿಮಗೆ ಓದಲು ಬರುವ ಭಾಷೆಯಲ್ಲಿ ಕೊಡಿ ಎಂದು ಕೇಳಿ. ಯಾವ ಹಂತದವರೆಗೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, ಉಳಿದ ವೈಯಲ್ ಏನಾಗುತ್ತದೆ ಎಂದು ಕೇಳಿ ಬರೆಸಿಕೊಳ್ಳಿ. ಕಾಯ್ದೆಯ ಪ್ರಕಾರ ಹೆಚ್ಚೆಂದರೆ 10 ವರ್ಷ ಇಡಬಹುದು. ನಿಮ್ಮ ದಾನಿ ಕೋಡ್ ಬರೆದ ಚೀಟಿ ಕೇಳಿ ಪಡೆದು, ಜಾತಕ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಡುವ ಫೈಲಿನಲ್ಲೇ ಇಡಿ. ಮುಂದೆ ನಿಮಗೆ ಮೂವತ್ತೈದಕ್ಕೇ ಹೃದಯದ ತೊಂದರೆ ಕಂಡಿತು, ತಮ್ಮನಿಗೆ ಕಿಡ್ನಿಯಲ್ಲಿ ಗುಳ್ಳೆಗಳಾಗುವ ಆನುವಂಶಿಕ ಕಾಯಿಲೆ ಎಂದು ತಿಳಿಯಿತು ಎಂದುಕೊಳ್ಳಿ. ಆಗ ಬ್ಯಾಂಕಿಗೆ ಫೋನು ಮಾಡಿ ಆ ಕೋಡ್ ಹೇಳಿ, ವರದಿಯ ಪ್ರತಿ ಕಳಿಸಿ. ಬ್ಯಾಂಕಿನವರು ಆ ಮಗುವಿನ ತಂದೆತಾಯಿಗೆ ತಿಳಿಸಿದರೆ, ಮಗುವಿನ ಪರೀಕ್ಷೆ ಸಮಯಕ್ಕೆ ಆಗುತ್ತದೆ.